ಹಲಗೆಯ ಅಂಚಿನ ಸಪ್ಪಳ

ಜೂನ್ 9, ಸೋಮವಾರ

ಇವತ್ತೂ ಮುಂಜಾನೆಯ ಟಂಟಂ ಆಟೋ ಹಿಡಿದೆ. ಚೀಲದಲ್ಲಿ ಟೇಪು, ಕತ್ತರಿ, ಬಾಜೂಮನೆ ಬಸಕ್ಕನ ಕುಪ್ಪಸದ ಖಣ. ಅಣ್ಣಿಗೇರಿಗೆ ಹೊಲಿಗೆ ಕ್ಲಾಸಿಗೆ ಹೋಗುತ್ತೇನೆಂದು ಅತ್ತೆ ನಂಬಿದ್ದಾರೆ. ನಂಬಿ ಸುಮ್ಮನಿದ್ದರೆ ಚೆನ್ನಾಗಿತ್ತು — ಓಣಿಯವರ ಕುಪ್ಪಸಗಳನ್ನೆಲ್ಲ ತಂದು ನನ್ನ ಕೊರಳಿಗೆ ಕಟ್ಟುತ್ತಿದ್ದಾರೆ. ನನಗೆ ಗುಂಡಿ ಹಚ್ಚಲೂ ಬರುವುದಿಲ್ಲ. ಹೊಲಿಯುವವರು ನನ್ನ ಗೆಳತಿ ನಾಜಮೀನಳ ತಾಯಿ ಹಲೀಮಾಬಿ.

ನಿಜವನ್ನು ಎಲ್ಲಾದರೂ ಒಂದು ಕಡೆ ಬರೆಯಬೇಕಲ್ಲ. ನಾನು ಹೋಗುವುದು ಸುಮಂಗಲಾ ಅಕ್ಕನ ರೊಟ್ಟಿ ಕೇಂದ್ರಕ್ಕೆ. ಬಡಿಯುವುದು ನಾನು, ಪ್ಯಾಕಿಂಗ್ ನಾಜಮೀನ್. 'ನಮ್ಮನಿ ಸೊಸಿ ಮಂದಿಗೆ ರೊಟ್ಟಿ ಬಡಿಯಂಗಿಲ್ಲ' ಎಂದು ಅತ್ತೆ ಮದುವೆಯಾದ ವರ್ಷವೇ ಹೇಳಿದ್ದರು. ಇವರಿಗೆ, ಅತ್ತೆಯ ಮಗನಿಗೆ, ಗೊತ್ತು. 'ನನಗ ಗೊತ್ತಿಲ್ಲಂತ ತಿಳಕೊ' ಎಂದು ಕೈ ತೊಳೆದುಕೊಂಡಿದ್ದಾರೆ. ಗಂಡಸರ ಧೈರ್ಯ!

ಆದರೆ ಬಿಡಲಾರೆ. ಆ ಒಲೆಗಳ ಮುಂದೆ ಒಂದು ದಿನ ನಗುವಷ್ಟು ಮನೆಯಲ್ಲಿ ತಿಂಗಳಿಗೂ ನಗುವುದಿಲ್ಲ.

ಈಗ ಹೊಸ ಕಾಟ. ಕೇಂದ್ರದ ಇನ್‌ಸ್ಟಾಗ್ರಾಂನಲ್ಲಿ ಕೆಲಸದವರನ್ನೆಲ್ಲ ಒಬ್ಬೊಬ್ಬರಾಗಿ ತೋರಿಸುತ್ತಾರಂತೆ. ಹೆಸರು, ಊರು, ರೊಟ್ಟಿ ಕಲಿಸಿದವರು ಯಾರು... ಮಂದಿ ಮುಖ ನೋಡಿ ರೊಟ್ಟಿ ಕೊಳ್ಳುತ್ತಾರೆ ಅನ್ನುತ್ತಾರೆ ಸುಮಂಗಲಾ ಅಕ್ಕ. ನನ್ನ ಸರದಿ ಬಂದರೆ?

ಜೂನ್ 11, ಬುಧವಾರ

ನಾಜಮೀನಳ ರೀಲ್ ಬಂತು. ಅಗದಿ ಚೆಂದ. ಹಲೀಮಾಬಿ ಅದನ್ನು ಸ್ಟೇಟಸ್ ಇಟ್ಟುಕೊಂಡಿದ್ದಾರೆ. ಹೊಟ್ಟೆ ಉರಿಯಿತು, ಸುಳ್ಳೇಕೆ?

ಸುಮಂಗಲಾ ಅಕ್ಕನಿಗೆ ನನ್ನ ತಾಪತ್ರಯ ಹೇಳಿದೆ. ಬೈಯಲಿಲ್ಲ. 'ಮಾರಿ ಬ್ಯಾಡಂದ್ರ ಬ್ಯಾಡ. ಕೈ ಅಷ್ಟ ಹಾಕೂಣು' ಎಂದರು. ಮುಖವಿಲ್ಲದ ರೀಲಿಗೆಂದು ಉಂಗುರ ತೆಗೆದೆ. ಬಳೆ ನೋಡಿ ಯಾರಾದರೂ ಗುರುತು ಹಿಡಿದರೆ? ಮುತ್ತೈದೆಗೆ ಬರಿಗೈಯೂ ಸಲ್ಲದು. ನಾಜಮೀನಳ ಗಾಜಿನ ಬಳೆ ಏರಿಸಿಕೊಂಡು ಕೂತೆ. ಕಳ್ಳತನಕ್ಕೆ ಎಷ್ಟೊಂದು ತಯಾರಿ.

ನಾಜಮೀನ್ ಹಾಡು ಹಾಕಲು ಹೊರಟಳು. ರೊಟ್ಟಿ ಬಡಿಯುವ ಸಪ್ಪಳವೇ ಇರಲಿ ಎಂದರು ಅಕ್ಕ. ರೊಟ್ಟಿ ಎತ್ತುವ ಮುನ್ನ ನಾನು ಹಲಗೆಯ ಅಂಚಿಗೆ ಬೆರಳ ಗೆಣ್ಣಿನಿಂದ ಕುಟ್ಟುತ್ತೇನೆ, ಅಡಿಯ ಹಿಟ್ಟು ಸಡಿಲಾಗಲೆಂದು. ಟಕ್ ಟಕ್. ನಿನ್ನ ರೊಟ್ಟಿ ಬಾಗಿಲು ಬಡಿದೇ ಹೊರಗೆ ಬರುತ್ತದೆ ಎಂದು ನಾಜಮೀನ್ ಕಾಡುತ್ತಾಳೆ. ಅದೂ ರೀಲಿನಲ್ಲಿ ಬಂತು.

ಜೂನ್ 14, ಶನಿವಾರ

ನನ್ನ ಕೈ ಎಲ್ಲರ ಮುಖಗಳನ್ನೂ ಹಿಂದೆ ಹಾಕಿದೆ! ಎಷ್ಟು ಜನ ನೋಡಿದ್ದಾರೋ! ಕೆಳಗೆ ಒಂದೇ ಪ್ರಶ್ನೆ — ಯಾರ ಕೈ? ಸುಮಂಗಲಾ ಅಕ್ಕ ಎಲ್ಲರಿಗೂ ತಿನ್ನಲು ಗಿರ್ಮಿಟ್ ತರಿಸಿದರು. ಟಂಟಂನಲ್ಲಿ ಒಂದು ಕಮೆಂಟೂ ಬಿಡದೆ ಓದಿದೆ. ಖುಷಿಯಾಯಿತು. ಊರು ಹತ್ತಿರ ಬಂದಂತೆ ಯಾಕೋ ಅಳು ಬಂತು. ಹೊಗಳಿಸಿಕೊಂಡಿದ್ದು ಕೈ. ನಾನು ಅಲ್ಲಿ ಇಲ್ಲ.

ಜೂನ್ 15, ಭಾನುವಾರ

ಹೋಯಿತು. ಎಲ್ಲ ಹೋಯಿತು.

ಮಧ್ಯಾಹ್ನ ಬಸಕ್ಕ ಫೋನ್ ಹಿಡಿದುಕೊಂಡು ಬಂದಳು. ಆಪರೇಶನ್ ಆದರೂ ಅತ್ತೆಗೆ ಕಣ್ಣು ಮಬ್ಬು. ಬಸಕ್ಕ ನೋಡುತ್ತಾಳೆ, ಅತ್ತೆ ಕೇಳುತ್ತಾರೆ. ನಾನು ಹಿಟ್ಟು ಸಾಣಿಸುತ್ತಿದ್ದೆ. ನನ್ನ ರೀಲೇ ಬಂತು. ಕೈಗಳು ಎಷ್ಟು ಚೆಂದ ಆಡುತ್ತವೆ ಅಂದಳು ಬಸಕ್ಕ. ಕಣ್ಣಿದ್ದವಳಿಗೆ ಗುರುತಾಗಲಿಲ್ಲ.

ಅತ್ತೆ ಕೈ ಎತ್ತಿ ಅವಳ ಮಾತು ತಡೆದರು. 'ಇನ್ನೊಮ್ಮೆ ಹಚ್ಚು.'

ಟಕ್ ಟಕ್.

ಉಂಗುರ ತೆಗೆದೆ, ಬಳೆ ಬದಲಿಸಿದೆ. ಈ ಸಪ್ಪಳ ಮಾತ್ರ ತಲೆಗೆ ಹೊಳೆಯಲಿಲ್ಲ. ಈ ಮನೆಗೆ ಬಂದ ಹೊಸದರಲ್ಲಿ ಅತ್ತೆಯೇ ಕೈಹಿಡಿದು ಕಲಿಸಿದ್ದು. ಇಡೀ ಓಣಿಯಲ್ಲಿ ಇನ್ನಾರೂ ಹೀಗೆ ಕುಟ್ಟುವುದಿಲ್ಲ.

ಬಸಕ್ಕ ಹೋದ ಮೇಲೆ ಅತ್ತೆ ಅಂದಿದ್ದು ಇಷ್ಟೇ: 'ನಾಳಿಂದ ಕ್ಲಾಸ್ ಬ್ಯಾಡ.'

ಜೂನ್ 20, ಶುಕ್ರವಾರ

ಮನೆಯಲ್ಲೇ ಇದ್ದೇನೆ. ಅತ್ತೆಯ ಮಾತಿಲ್ಲ. ಸುಮಂಗಲಾ ಅಕ್ಕನಿಗೆ ಫೋನ್ ಮಾಡಿ ನನಗೆ ಜ್ವರ ಎಂದೆ. ಇವರು ಸಂತೆಗೆ ಹೋದಂತೆ ಮಾಡಿ ಮನೆಯಿಂದ ತಪ್ಪಿಸಿಕೊಳ್ಳುತ್ತಿದ್ದಾರೆ.

ಕುಟ್ಟದೆ ರೊಟ್ಟಿ ಬಡಿಯುತ್ತಿದ್ದೆ. ಇವತ್ತು ಒಂದು ಹಲಗೆಗೆ ಅಂಟಿ ಹರಿಯಿತು. ಪಡಸಾಲೆಯಿಂದ ಅತ್ತೆ ಕೇಳಿದರು, 'ಕುಟ್ಟೂದ್ ಯಾಕ ಬಿಟ್ಟಿ?'

ಎಲ್ಲಿತ್ತೋ ಸಿಟ್ಟು. 'ನಾ ಏನ್ ಕಳವು ಮಾಡೇನ್ರಿ ಅತ್ತಿ? ರೊಟ್ಟಿ ಬಡದೀನಿ!' ಎಂದು ಕೂಗಿ, ಅಲ್ಲೇ ಕೂತು ಅತ್ತುಬಿಟ್ಟೆ. ಹೊಲಿಗೆ, ಹಲೀಮಾಬಿ, ಬಳೆ — ಎಲ್ಲ ಹೇಳಿದೆ.

ಅತ್ತೆ ಒಳಗೆ ಬಂದು ಹರಿದ ರೊಟ್ಟಿಯನ್ನು ಹಲಗೆಯಿಂದ ಬಿಡಿಸಿದರು. ಆಮೇಲೆ ಅಂದರು: 'ಕಳವು ಮಾಡಿಲ್ಲಂದ್ರ ಮಾರಿ ಯಾಕ ಮುಚ್ಚಿಕೊಂಡಿ? ಮಂದಿ ಯಾರ ಕೈ ಅಂತ ಕೇಳಾಕತ್ತಾರಂತ. ನಾ ಕಲಿಸಿದ ಕೈ ಅದು. ಹೆಸರಿಲ್ಲದಂಗ ಊರೂರು ತಿರಗಬಾರ್ದು. ಹೋಗೂದಿದ್ರ ಮಾರಿ ತೋರ್ಸಿ ಹೋಗು. ಇಲ್ಲಂದ್ರ ಮನ್ಯಾಗಿರು.'

ಈಗ ಇನ್ನೊಂದು ಹೆದರಿಕೆ. ಊರೆಲ್ಲ ನೋಡುತ್ತದೆ, ಆಡಿಕೊಳ್ಳುತ್ತದೆ. ಅಂದವರಿಗೆ ಅತ್ತೆ ಉತ್ತರ ಕೊಡುತ್ತಾರಾ? ಇವರಿಗೆ ಹೇಳಿದೆ. 'ಅವ್ವ ಹೂಂ ಅಂದ್ರ ನನಗ ಗೊತ್ತೈತಿ ಅಂತ ತಿಳಕೊ.' ಏನು ಮನುಷ್ಯರಪ್ಪಾ!

ಜೂನ್ 23, ಸೋಮವಾರ, ಸಂಜೆ

ಚೀಲದಲ್ಲಿ ಕತ್ತರಿ ಇಲ್ಲದೆ ಹೋದೆ. ನನ್ನವೇ ಬಳೆ, ನನ್ನದೇ ಉಂಗುರ. ನಾಜಮೀನ್ ಹಿಟ್ಟಿನ ಡಬ್ಬಿಗೆ ಫೋನ್ ಆನಿಸಿ ಹೆಸರು ಕೇಳಿದಳು. ಶೈಲಾ ಎಂದೆ. ಊರು ಹೇಳಿದೆ. ರೊಟ್ಟಿ ಕಲಿಸಿದವರು ಯಾರು ಅಂದಾಗ ಹಲಗೆಯ ಅಂಚಿಗೆ ಕುಟ್ಟಿ ರೊಟ್ಟಿ ಎತ್ತಿದೆ. 'ನಮ್ಮತ್ತಿ. ಸಾವಿತ್ರೆವ್ವ.' ಅಷ್ಟೇ ಬಂತು. ಅಷ್ಟೇ ಸಾಕು ಅಂದರು ಸುಮಂಗಲಾ ಅಕ್ಕ.

ನಾನು ಮನೆ ಮುಟ್ಟುವಷ್ಟರಲ್ಲಿ ಹೊಸ ರೀಲ್ ನೋಡಿದ ಬಸಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಹಾಗಾದರೆ ನನ್ನ ಕುಪ್ಪಸ ಹೊಲಿದವರು ಯಾರು ಎಂದು ಅವಳ ಜಗಳ. ನನ್ನ ಸೊಸೆ ಆಮೇಲೆ ಹೇಳುತ್ತಾಳೆ, ಮೊದಲು ಅದನ್ನು ಹಚ್ಚು ಎಂದರು ಅತ್ತೆ.

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ನನ್ನದೇ ದನಿ. ಮುಗಿಯಿತು. ಬಸಕ್ಕ ಬೇರೆ ಏನನ್ನೋ ಹಚ್ಚಿದಳು.

'ಅದಲ್ಲ ಬೇ. ನನ್ನ ಹೆಸರು ಬರೂದು.'

ಮತ್ತೆ ನನ್ನ ದನಿ. ನಮ್ಮತ್ತಿ. ಸಾವಿತ್ರೆವ್ವ. ಮತ್ತೆ ಹಚ್ಚಿಸಿದರು. ಫೋನಿನಲ್ಲಿ ಟಕ್ ಟಕ್. ಅದರ ಹಿಂದೆಯೇ ಇನ್ನೊಂದು ಟಕ್ ಟಕ್, ಫೋನಿನದಲ್ಲ. ಬಾಗಿಲ ಸಂದಿಯಿಂದ ನೋಡಿದೆ. ಕಟ್ಟೆಯ ಅಂಚಿನ ಮೇಲೆ ಅತ್ತೆಯ ಬೆರಳು—