ಮಂದಿ ಹೋಗಲಿ ಎಂದು ಕಾಯುವ ಪದ್ಧತಿ

ಹುಬ್ಬಳ್ಳಿ,
ಏಳನೆಯ ತಿಂಗಳ ಮೂವತ್ನಾಲ್ಕನೆಯ ತಾರೀಖು,
ನಿಮ್ಮ ಎಣಿಕೆಯಲ್ಲಿ ೨೨೧೪ನೆಯ ಇಸವಿ

ಮೆಡಿಕಲ್ ಶಾಪಿನ ಕನ್ನಡಕದ ಅಣ್ಣನವರಿಗೆ,

ತಾರೀಖು ನೋಡಿ ಕೈತಪ್ಪೆಂದು ತಿಳಿಯಬೇಡಿ. ನಮ್ಮ ತಿಂಗಳಿಗೆ ಮೂವತ್ತಾರು ದಿನ, ವರ್ಷಕ್ಕೆ ಹತ್ತು ತಿಂಗಳು. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ರಜೆಯಾಗಿ ಬಿದ್ದಿರುತ್ತವೆ. ನಿಮ್ಮ ಕಾಲದ ಬರವಣಿಗೆಯನ್ನು ಕಲಿತುಕೊಂಡೇ ಬರೆಯುತ್ತಿದ್ದೇನೆ, ಆದರೂ ನಿಮ್ಮಲ್ಲಿ ಇಲ್ಲದ ವಸ್ತುಗಳಿಗೆ ನಿಮ್ಮ ಪದಗಳನ್ನು ಎಲ್ಲಿಂದ ತರಲಿ? ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಹೆಸರು ನಮಗೆ ಗೊತ್ತಿಲ್ಲ. ವಯಸ್ಸಿನಲ್ಲಿ ನೀವು ನನಗಿಂತ ನೂರೆಂಬತ್ತು ವರ್ಷಕ್ಕೂ ಹೆಚ್ಚು ದೊಡ್ಡವರು, ಅಣ್ಣ ಎಂದರೆ ಸಾಕೆಂದುಕೊಂಡಿದ್ದೇನೆ. ಅದಕ್ಕಿಂತ ಹೆಚ್ಚಿನ ಗೌರವ ಸದ್ಯ ನನ್ನಲ್ಲಿ ಉಳಿದಿಲ್ಲ.

ಈ ಕಾಗದ ನಿಮ್ಮ ಅಂಗಡಿಯ ಪ್ರಿಂಟರಿನಿಂದ ತಾನಾಗಿ ಹೊರಬರುತ್ತದೆ. ಇದಕ್ಕೆ ನಾವು ಹಿಂದಂಚೆ ಎನ್ನುತ್ತೇವೆ, ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜನ್ಮದಲ್ಲಿ ಒಂದೇ ಪತ್ರ. ಜನ ಸಾಮಾನ್ಯವಾಗಿ ಸತ್ತ ತಾಯಿಗೆ ಬರೆಯುತ್ತಾರೆ, ಇಲ್ಲವೆ ಮದುವೆಗೆ ಮುಂಚಿನ ತಮಗೇ ಬರೆದುಕೊಂಡು ಮದುವೆ ಬೇಡವೆನ್ನುತ್ತಾರೆ. ನಾನು ನನ್ನ ಪಾಲಿನ ಒಂದು ಪತ್ರವನ್ನು, ಮುಖಪರಿಚಯ ಮಾತ್ರವಿರುವ ನಿಮಗೆ ಬರೆಯುತ್ತಿದ್ದೇನೆ. ನನ್ನ ಸಿಟ್ಟು ಎಷ್ಟೆಂಬುದು ಇದರಿಂದಲೇ ತಿಳಿಯಬೇಕು.

ನನ್ನ ಹೆಸರು ದಾಕ್ಷಾಯಿಣಿ ಬೂದಿಹಾಳ, ವಯಸ್ಸು ಐವತ್ಮೂರು. ದುರ್ಗದ ಬೈಲಿನ ತಿರುವಿನಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ನಿಮ್ಮ ಮುಖ ನನಗೆ ಹೇಗೆ ಗೊತ್ತೆಂದರೆ, ನಿಮ್ಮ ಕಾಲದವರು ತಿಳಿದದ್ದನ್ನೆಲ್ಲ ಯಂತ್ರಗಳಿಗೆ ಒಪ್ಪಿಸಿ ಕೈತೊಳೆದುಕೊಂಡಿರಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಆ ಯಂತ್ರಗಳ ನೆನಪು ಒಂದೇ ವಾರದಲ್ಲಿ ಅಳಿಸಿಹೋಯಿತು. ಅದನ್ನು ನಾವು ಮರೆವಿನ ವಾರ ಎನ್ನುತ್ತೇವೆ. ಗುಳಿಗೆ ಮಾಡುವ ಕೈಗಳು ಉಳಿದಿದ್ದವು, ಯಾವ ಗುಳಿಗೆಯನ್ನು ಯಾರಿಗೆ ಎಷ್ಟು ಕೊಡಬೇಕೆಂಬುದು ಉಳಿದಿರಲಿಲ್ಲ. ಆಗ ನಿಮ್ಮ ಅಂಗಡಿಯ ಅಟ್ಟದಲ್ಲಿ ಸಿಸಿಟಿವಿಯ ಪೆಟ್ಟಿಗೆಗಳು ಸಿಕ್ಕವು. ನಾಲ್ಕು ಸಾವಿರ ಗಂಟೆಗಳ ಚಿತ್ರ, ಸದ್ದಿಲ್ಲ. ನೀವು ಗುಳಿಗೆಯ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸುವುದು, ಪೆನ್ನಿನಿಂದ ಅದರ ಬೆನ್ನ ಮೇಲೆ ಗೆರೆ ಎಳೆಯುವುದು, ಬೆಳಿಗ್ಗೆ ಒಂದು ಸಂಜೆ ಒಂದು ಎಂದು ಬೆರಳು ತೋರಿಸುವುದು, ಎಲ್ಲವೂ ಅದರಲ್ಲಿತ್ತು. ತುಟಿಪಾಠಿಗಳು, ಅಂದರೆ ತುಟಿಯ ಚಲನೆ ನೋಡಿ ಮಾತು ಓದುವ ಪಂಡಿತರು, ಹದಿನೈದು ವರ್ಷ ಕೂತು ಓದಿದರು. ನಿಮ್ಮಿಂದ ಕಲಿತೇ ನಾವು ಜ್ವರ, ಭೇದಿ, ಸಕ್ಕರೆ ಕಾಯಿಲೆಗಳನ್ನು ನಿಭಾಯಿಸಿದೆವು. ಲಕ್ಷಾಂತರ ಜನ ಬದುಕಿದರು. ಅದಕ್ಕಾಗಿ ನಿಮಗೆ ನಮಸ್ಕಾರ. ಪ್ರತಿ ಔಷಧಿ ಅಂಗಡಿಯಲ್ಲೂ ನಿಮ್ಮ ಚಿತ್ರವಿದೆ, ನನ್ನ ಅಂಗಡಿಯಲ್ಲೂ ಇದೆ, ಕಳೆದ ವಾರ ಅದನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿಟ್ಟಿದ್ದೇನೆ.

ಏಕೆಂದರೆ ಒಂದು ಸಾಮಾನಿನ ವಿಷಯದಲ್ಲಿ ನೀವು ನಮ್ಮನ್ನು ಹಾಳು ಮಾಡಿದಿರಿ. ಕಾಂಡೋಮು, ತಿಂಗಳ ಗುಳಿಗೆ, ಮೂರು ದಿನದೊಳಗೆ ನುಂಗಬೇಕಾದ ತುರ್ತು ಗುಳಿಗೆ, ಇವನ್ನು ಕೇಳಲು ಬಂದವರು ನಿಮ್ಮ ಅಂಗಡಿಯಲ್ಲಿ ತಲೆ ಬಗ್ಗಿಸುತ್ತಾರೆ, ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ತುಟಿಪಾಠಿಗಳಿಗೆ ಒಂದಕ್ಷರ ಸಿಗಲಿಲ್ಲ. ಆದ್ದರಿಂದ ಅವರು ಕಂಡದ್ದನ್ನೆಲ್ಲ ಪದ್ಧತಿಯೆಂದು ಬರೆದುಕೊಂಡರು. ಗಿರಾಕಿ ಮೊದಲು ಬಾಗಿಲ ಬಳಿಯ ತೂಕದ ಯಂತ್ರದ ಮೇಲೆ ನಿಲ್ಲಬೇಕು. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ಬರುವವರೆಗೆ ಕಾಯಬೇಕು, ಆ ಹೊತ್ತಿಗೆ ಖಾಲಿಹೊತ್ತು ಎಂದು ಹೆಸರು. ಆಮೇಲೆ ಒಂದು ತಲೆನೋವಿನ ಗುಳಿಗೆ ಕೊಳ್ಳಬೇಕು, ಅದು ಜೊತೆಗುಳಿಗೆ. ಕೊನೆಗೆ ಅಂಗಡಿಯವರು ಗಿರಾಕಿಯ ಮುಖ ನೋಡದೆ ಸಾಮಾನನ್ನು ಪತ್ರಿಕೆಯಲ್ಲಿ ಸುತ್ತಿ, ಕಪ್ಪು ಚೀಲದಲ್ಲಿ ಹಾಕಿ ಕೊಡಬೇಕು. ಪ್ರತಿಯೊಂದಕ್ಕೂ ಪಂಡಿತರು ಕಾರಣ ಹುಡುಕಿದ್ದಾರೆ. ದೇಹದ ತೂಕಕ್ಕೆ ತಕ್ಕ ಪ್ರಮಾಣವಂತೆ. ಬೇರೆಯವರ ಉಸಿರು ತಾಗಿದರೆ ಔಷಧಿಯ ಗುಣ ಕೆಡುತ್ತದಂತೆ. ನಿಮ್ಮ ಚಿತ್ರದಲ್ಲಿ ಒಬ್ಬ ಗಂಡಸು ಇಪ್ಪತ್ತು ನಿಮಿಷದಲ್ಲಿ ನಾಲ್ಕು ಸಲ ತೂಕದ ಯಂತ್ರ ಹತ್ತಿ ಇಳಿಯುತ್ತಾನೆ, ಅವನ ಮೇಲೆ ಇನ್ನೂರು ಪುಟದ ಪ್ರಬಂಧವೇ ಇದೆ.

ನಗಬೇಡಿ. ನಮ್ಮಲ್ಲಿ ಪತ್ರಿಕೆಗಳೇ ಇಲ್ಲ, ಆದರೂ ಸುತ್ತಿಕೊಡಲು ಬೇಕೆಂದು ಗೋಕುಲ ರಸ್ತೆಯಲ್ಲಿ ಒಂದು ಹುಸಿಪತ್ರಿಕೆಯ ಛಾಪಖಾನೆ ನಡೆಯುತ್ತಿದೆ. ಎಂಟು ಜನ ದಿನವಿಡೀ ಅರ್ಥವಿಲ್ಲದ ಅಕ್ಷರಗಳನ್ನು ಸಾಲಾಗಿ ಅಚ್ಚು ಹಾಕುತ್ತಾರೆ, ನಡುವೆ ಹಾರ ಹಾಕಿಸಿಕೊಂಡ ಒಬ್ಬ ಗಂಡಸಿನ ಚಿತ್ರ ಇರಲೇಬೇಕು. ಪ್ಲಾಸ್ಟಿಕ್ ಇಲ್ಲದ ಕಾರಣ ಚೀಲವನ್ನು ಕಪ್ಪು ನೂಲಿನಲ್ಲಿ ನೇಯಿಸುತ್ತೇವೆ. ಊರಲ್ಲಿ ಬೇರೆ ಯಾವ ಚೀಲವೂ ಕಪ್ಪಲ್ಲ. ಹಾಗಾಗಿ ನೆರಳುಚಪ್ಪರದ ಕೆಳಗೆ, ಅಂದರೆ ಬಿಸಿಲಿಗೆ ಹೆದರಿ ನಾವು ಬೀದಿಗಳಿಗೆಲ್ಲ ಹಾಕಿಸಿಕೊಂಡಿರುವ ಮಾಡಿನ ಕೆಳಗೆ, ಯಾರಾದರೂ ಕಪ್ಪು ಚೀಲ ಹಿಡಿದು ಹೊರಟರೆ ಒಳಗೇನಿದೆ ಎಂದು ಮಕ್ಕಳಿಗೂ ಗೊತ್ತು. ನಿಮ್ಮ ಕಾಲದಲ್ಲೂ ಎಲ್ಲರಿಗೂ ಗೊತ್ತಿತ್ತೆಂದೇ ನನ್ನ ಅನುಮಾನ. ಗೊತ್ತಿದ್ದೂ ಈ ಆಟ ಏಕೆ ಆಡಿದಿರೋ ನಿಮಗೇ ಗೊತ್ತು.

ನಾನೂ ಇಪ್ಪತ್ತಾರು ವರ್ಷ ಈ ಆಟವನ್ನು ಶ್ರದ್ಧೆಯಿಂದ ಆಡಿದೆ. ಸಣ್ಣ ಕಿರಿಕಿರಿ ಎಂದುಕೊಂಡಿದ್ದೆ. ಯಮುನಾ ಬರುವವರೆಗೆ.

ಯಮುನಾ ಗಾಣಿಗೇರ ನಮ್ಮ ಓಣಿಯ ನೀರಿನ ಠಾಣೆಯಲ್ಲಿ ಪಂಪು ನೋಡಿಕೊಳ್ಳುವವಳು. ಮೂವತ್ತೊಂದು ವರ್ಷ, ಎರಡು ಹೆಣ್ಣುಮಕ್ಕಳು. ಕಾರವಾರದ ಬಂದರಿನಲ್ಲಿ ಕ್ರೇನು ನಡೆಸುವುದನ್ನು ಕಲಿಯಲು ಆರು ವರ್ಷದಿಂದ ಅರ್ಜಿ ಹಾಕುತ್ತಿದ್ದಳು, ಈ ವರ್ಷ ಅವಳ ಹೆಸರು ಬಂತು. ಎರಡು ವರ್ಷದ ತರಬೇತಿ, ಬಸುರಿಯರನ್ನು ಕ್ರೇನು ಹತ್ತಿಸುವುದಿಲ್ಲ. ಹೊರಡಲು ತಿಂಗಳಿದ್ದಾಗ ಒಂದು ಬೆಳಿಗ್ಗೆ ಬಂದು ತೂಕದ ಯಂತ್ರದ ಮೇಲೆ ನಿಂತಳು. ಬಂದದ್ದು ಏಕೆಂದು ನನಗೆ ತಿಳಿಯಿತು. ದೊಡ್ಡಾಸ್ಪತ್ರೆಗೆ ಹೋಗಬಹುದಿತ್ತಲ್ಲ ಎನ್ನಬೇಡಿ. ಅಲ್ಲಿ ಅರ್ಧ ದಿನದ ಸರತಿ, ಚೀಟಿಯಲ್ಲಿ ಗಂಡನ ಹೆಸರು, ಮಕ್ಕಳೆಷ್ಟು, ಮೊನ್ನೆ ಏನಾಯಿತು ಎಂಬ ಪ್ರಶ್ನೆಗಳು. ಊರಿನ ಹೆಂಗಸರು ಇಂಥದ್ದಕ್ಕೆ ಓಣಿಯ ತಿರುವಿನ ಅಂಗಡಿಗೇ ಬರುತ್ತಾರೆ. ಹತ್ತಿರ, ಬೇಗ, ಯಾರೂ ವಿಚಾರಣೆ ಮಾಡುವುದಿಲ್ಲ ಎಂಬ ಭರವಸೆಯಿಂದ ಬರುತ್ತಾರೆ. ನಿಮ್ಮ ಅಂಗಡಿಗೂ ಅದಕ್ಕಾಗಿಯೇ ಬರುತ್ತಿದ್ದರು.

ಅದು ಜ್ವರದ ಕಾಲ. ಅಂಗಡಿಯಲ್ಲಿ ಹನ್ನೊಂದು ಜನರಿದ್ದರು. ಅವರು ಹೋದರೆ ಇನ್ನೈದು ಜನ ಬಂದರು. ಯಮುನಾ ಕೆಲಸಕ್ಕೆ ಹೊತ್ತಾಯಿತೆಂದು ಹೋದಳು, ಸಂಜೆ ಬಂದಳು, ಆಗಲೂ ಜನ. ಮರುದಿನವೂ ಅದೇ. ಮೂರನೆಯ ದಿನ ಸಂಜೆ ಅಂಗಡಿಯಲ್ಲಿ ಒಬ್ಬ ಅಜ್ಜ ಮಾತ್ರ ಉಳಿದಿದ್ದರು, ಕಣ್ಣಿನ ಔಷಧಿಯ ಬಾಟಲಿ ಹಿಡಿದು ತಮ್ಮ ಸೊಸೆಯ ವಿಷಯ ಹೇಳುತ್ತಿದ್ದರು. ಅವರ ಮಾತು ಮುಗಿಯುವ ಹೊತ್ತಿಗೆ ಮತ್ತಿಬ್ಬರು ಬಂದರು. ಆಗ ಯಮುನಾ ತೂಕದ ಯಂತ್ರದಿಂದ ಇಳಿದು ಎಲ್ಲರೆದುರೇ ಹೇಳಿದಳು: “ಅಕ್ಕಾರ, ನಾ ಯಾಕ ನಿಂತೀನಿ ಅಂತ ಇಲ್ಲಿ ಎಲ್ಲಾರಿಗೂ ಗೊತ್ತೈತಿ. ಕೊಟ್ಟ ಬಿಡ್ರಲ್ಲ.”

ಪದ್ಧತಿ ಮುರಿದರೆ ಮೂರು ತಿಂಗಳು ಅಂಗಡಿ ಬಂದ್. ಬಂದವರಿಬ್ಬರಲ್ಲಿ ಒಬ್ಬಾಕೆ ಈ ನಿಯಮಗಳನ್ನು ಕಾಯುವ ಪದ್ಧತಿ ಸಭೆಯ ಕಚೇರಿಯವಳು. ಗುಳಿಗೆ ನನ್ನ ಕೈಯಳತೆಯಲ್ಲೇ ಇತ್ತು. ನಾನು ಅಂದೆ: “ಮಂದಿ ಹೋಗ್ಲಿ, ತಡಿಯವ್ವಾ.”

ನಾಲ್ಕನೆಯ ದಿನ ಮಧ್ಯಾಹ್ನ ಖಾಲಿಹೊತ್ತು ಸಿಕ್ಕಿತು. ಜೊತೆಗುಳಿಗೆ ಸಮೇತ ಸುತ್ತಿ, ಚೀಲಕ್ಕೆ ಹಾಕಿ, ಅವಳ ಮುಖ ನೋಡದೆ ಕೊಟ್ಟೆ. ಹೊತ್ತು ಮೀರಿದೆ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಈಗ ಅವಳಿಗೆ ಐದನೆಯ ತಿಂಗಳು. ಇಟ್ಟುಕೊಳ್ಳುವುದು ಅವಳೇ ಯೋಚಿಸಿ ಮಾಡಿದ ತೀರ್ಮಾನ, ಅದರ ಬಗ್ಗೆ ನಾನು ಮಾತಾಡಬಾರದು. ಕಾರವಾರಕ್ಕೆ ಅವಳ ಬದಲು ಬೇರೆಯವರು ಹೋದರು. ಕಳೆದ ತಿಂಗಳು ಕಬ್ಬಿಣಾಂಶದ ಗುಳಿಗೆಗೆ ಬಂದಿದ್ದಳು. ಅಂಗಡಿ ತುಂಬ ಜನ. ಎಲ್ಲರೂ ಅವಳಿಗೆ ದಾರಿ ಬಿಟ್ಟರು, ಒಬ್ಬಾಕೆ ಕೂರಲು ಸ್ಟೂಲು ಕೊಟ್ಟಳು, ನಾನೂ ನಗುನಗುತ್ತ ಹೇಗಿದ್ದೀ ಎಂದು ಕೇಳಿ ಬರಿಗೈಯಿಂದ ಬರಿಗೈಗೆ ಕೊಟ್ಟೆ. ಅವಳು ಗುಳಿಗೆಯನ್ನು ನೋಡಿ, ನನ್ನನ್ನು ನೋಡಿ, “ಇದನ್ನ ಮಂದಿ ಮುಂದನ ಕೊಡ್ತೀರಲ್ರಿ,” ಎಂದು ಹೋದಳು. ನನಗೆ ನಾಚಿಕೆಯಾಯಿತು. ಇಪ್ಪತ್ತಾರು ವರ್ಷದಲ್ಲಿ ಆ ಅಂಗಡಿಯಲ್ಲಿ ನಾನು ಮೊದಲ ಸಲ ನಾಚಿಕೆಪಟ್ಟದ್ದು ಅಂದು.

ಅಂದೇ ಪದ್ಧತಿ ಸಭೆಗೆ ಅರ್ಜಿ ಕೊಟ್ಟೆ, ಈ ಕಾಯುವ ನಿಯಮ ತೆಗೆಯಿರಿ ಎಂದು. ಸಭೆಯ ಅಧ್ಯಕ್ಷರು ಗಿರಿಜಾಶಂಕರ ಸಂಶಿ ಎಂಬುವರು, ಕೆಟ್ಟವರಲ್ಲ, ಆದರೆ ಚಿತ್ರದಲ್ಲಿ ಕಾಣದ್ದನ್ನು ನಂಬುವವರಲ್ಲ. “ಮಂದಿ ಮುಂದ ಕೇಳಿ ಮಂದಿ ಮುಂದ ಇಸ್ಕೊಂಡದ್ದು ಒಂದ ದೃಶ್ಯ ತೋರಸ್ರಿ, ಬಾಯಾರ. ಒಂದ ಸಾಕು. ನಾಳೆನ ನಿಯಮಾ ತಗದ ಹಾಕ್ತೀವಿ,” ಎಂದರು. ನಾನು ಅಂಗಡಿಯನ್ನು ತಂಗಿಗೆ ಒಪ್ಪಿಸಿ ನಿಮ್ಮ ಚಿತ್ರಗಳ ಮುಂದೆ ಕೂತೆ. ಸಾಮಾನು ಸುತ್ತಿಕೊಟ್ಟ ದಿನಗಳನ್ನೆಲ್ಲ ಆರಿಸಿ ನೋಡಿದೆ. ನೀವು ಮೂಗು ಒರೆಸಿಕೊಳ್ಳುವುದು, ಜನವಿಲ್ಲದಾಗ ಕನ್ನಡಿಯಲ್ಲಿ ಕೂದಲು ನೋಡಿಕೊಳ್ಳುವುದು, ಬಡ ಮುದುಕಿಯೊಬ್ಬಳಿಗೆ ಎರಡು ಗುಳಿಗೆ ಹೆಚ್ಚು ಕತ್ತರಿಸಿ ಕೊಡುವುದು, ಎಲ್ಲ ನೋಡಿದೆ. ನೀವು ಒಳ್ಳೆಯವರು. ಅದೇ ನನಗೆ ತಡೆಯಲಾಗದ್ದು.

ಕೊನೆಗೂ ಒಬ್ಬಳು ಸಿಕ್ಕಳು. ಹಳದಿ ಸೀರೆ, ಕೈಯಲ್ಲಿ ಊಟದ ಡಬ್ಬಿ, ಕೆಲಸಕ್ಕೆ ಹೊರಟವಳಂತಿದ್ದಳು. ಅಂಗಡಿಯಲ್ಲಿ ಆರು ಜನ. ಆಕೆ ತೂಕದ ಯಂತ್ರದ ಕಡೆ ನೋಡಲೂ ಇಲ್ಲ. ನೇರ ಬಂದು, ತಲೆ ಎತ್ತಿ ಕೇಳಿದಳು. ತುಟಿಪಾಠಿಯನ್ನು ಕರೆಸಿ ಓದಿಸಿದೆ. “ಬಸಿರು ನಿಲ್ಲದಂಗ ತಗೊಳ್ಳೊ ಗುಳಿಗಿ ಒಂದ ಕೊಡ್ರಿ.” ಸಭೆಗೆ ತೋರಿಸುವ ದೃಶ್ಯ ಸಿಕ್ಕಿತೆಂದುಕೊಂಡೆ. ಆಮೇಲೆ ನಿಮ್ಮ ತುಟಿ ಓದಿಸಿದೆ. ನೀವು ಉಳಿದ ಆರು ಜನರ ಕಡೆ ಒಮ್ಮೆ ನೋಡಿ ಅಂದಿರಿ: “ಅದು ಇಲ್ರಿ. ಬೇಕಾದ್ರ ಯಜಮಾನ್ರನ್ನ ಕಳಸ್ರಿ.” ಗುಳಿಗೆಯ ಡಬ್ಬ ನಿಮ್ಮ ಬೆನ್ನ ಹಿಂದಿನ ಮೂರನೆಯ ಹಲಗೆಯ ಮೇಲಿದೆ, ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆಕೆ ಹೋದ ಹತ್ತು ನಿಮಿಷಕ್ಕೆ ಅದೇ ಡಬ್ಬದಿಂದ ಒಂದನ್ನು ತೆಗೆದು, ಬಾಯಿಗೆ ಕೈ ಹಿಡಿದಿದ್ದ ಗಂಡಸೊಬ್ಬನಿಗೆ ಸುತ್ತಿಕೊಟ್ಟಿರಿ. ಅಣ್ಣಾ, ಆಕೆಯ ಗಂಡ ಊರಲ್ಲಿದ್ದನೋ ಇಲ್ಲವೋ, ಬದುಕಿದ್ದನೋ ಇಲ್ಲವೋ, ನೀವು ಕೇಳಲಿಲ್ಲ. ಆಕೆ ಬರಿಗೈಯಲ್ಲಿ ಹೋದದ್ದರಿಂದ ಪಂಡಿತರು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದ ಈ ದೃಶ್ಯವನ್ನು ನಾನು ಸಭೆಗೆ ತೋರಿಸಿದರೆ ನಿಯಮ ಇನ್ನೂರು ವರ್ಷ ಗಟ್ಟಿಯಾಗುತ್ತದೆ. ಹಾಗೆಂದು ಮುಚ್ಚಿಟ್ಟಿದ್ದೇನೆ. ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ ಎಂಬುದೂ ಗೊತ್ತು. ಹಳದಿ ಸೀರೆಯವಳಿಗೆ ನೀವು ಮಾಡಿದ್ದನ್ನು ನಾನು ಯಮುನಾಗೆ ಮಾಡಿದ್ದೇನೆ, ಅದೂ ನನ್ನೆದುರು ನಿಮ್ಮ ಚಿತ್ರ ಇಟ್ಟುಕೊಂಡು.

ಈಗ ನನಗೆ ಉಳಿದಿರುವುದು ಒಂದೇ ಪೆಟ್ಟಿಗೆ. ನಿಮ್ಮ ಕ್ಯಾಮೆರಾ ಕೆಟ್ಟು ನಿಲ್ಲುವ ಮುಂಚಿನ ಕೊನೆಯ ಎರಡು ದಿನ ಅದರಲ್ಲಿವೆ. ಮೊಹರು ಒಡೆಯದೆ ಉಳಿದುಕೊಂಡಿದ್ದ ಅದನ್ನು ಮುಂದಿನ ಗುರುವಾರ ಸಭೆಯ ಮುಂದೆ ತೆರೆಯುತ್ತಾರೆ. ತೆರೆಯದ ಪೆಟ್ಟಿಗೆಯಲ್ಲಿ ಏನಿದೆಯೆಂಬುದು ಇನ್ನೂ ತೀರ್ಮಾನವಾಗಿಲ್ಲ ಎಂದು ಹಿಂದಂಚೆಯವರು ಹೇಳುತ್ತಾರೆ. ನನಗೆ ಅದರ ವಿಜ್ಞಾನ ತಿಳಿಯದು, ನಂಬಿ ಬರೆಯುತ್ತಿದ್ದೇನೆ. ಈ ಕಾಗದ ನಿಮ್ಮ ಕೈಗೆ ಸಿಗುವುದು ಆ ಎರಡು ದಿನಗಳ ಮೊದಲ ಬೆಳಿಗ್ಗೆ.

ಅಂದರೆ ಇಂದು. ನಿಮ್ಮನ್ನು ನಾನು ಬೇರೇನೂ ಕೇಳುವುದಿಲ್ಲ. ಇಂದೋ ನಾಳೆಯೋ ಯಾರಾದರೂ ಬಂದು ನಿಂತೇ ನಿಲ್ಲುತ್ತಾರೆ. ಅವರು ಕೇಳಲು ಹೆದರಿದರೆ ನೀವೇ ಕೇಳಿ, ಏನು ಬೇಕಮ್ಮ ಎಂದು, ಕೆಮ್ಮಿನ ಔಷಧಿಗೆ ಕೇಳುವ ದನಿಯಲ್ಲೇ. ಅಂಗಡಿಯಲ್ಲಿ ಜನರಿರಲಿ, ನಿಮ್ಮ ಬೀಗರೇ ಇರಲಿ. ಡಬ್ಬ ತೆಗೆದು, ಯಾವಾಗ ನುಂಗಬೇಕೆಂದು ಮುಖ ನೋಡಿ ಹೇಳಿ, ಕೈಗೆ ಕೊಡಿ. ಅರ್ಧ ನಿಮಿಷದ ಕೆಲಸ. ಗುರುವಾರ ಸಭೆಗೆ ಯಮುನಾ ಬರುತ್ತೇನೆಂದಿದ್ದಾಳೆ, ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ನೀವು ಕೊಟ್ಟಿರೋ ಇಲ್ಲವೋ ಎಂಬುದನ್ನು ನಾನು ಅವಳ ಪಕ್ಕದಲ್ಲಿ ಕೂತು ನೋಡಬೇಕಾಗಿದೆ.

ಇತಿ,
ದಾಕ್ಷಾಯಿಣಿ ಬೂದಿಹಾಳ