ಬಾಲ್ಕನಿಯ ಬಾವುಟ

ಆರ್.ಕೆ.ಪುರಂ, ದೆಹಲಿ, ಜನವರಿ ೨೦೦೪

ಅಪ್ಪಾ,

ನಮ್ಮ ಕ್ವಾರ್ಟರ್ಸಿನ ಅದೇ ಬಾಲ್ಕನಿಯಲ್ಲಿ ಇವತ್ತು ನಿಮ್ಮ ಬಾವುಟ ಹಾರಿಸಿದೆ. ಗೌರವದಿಂದ ರಾಷ್ಟ್ರಧ್ವಜ ಹಾರಿಸುವುದು ಪ್ರಜೆಯ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ನೀವು ತೀರಿಕೊಂಡು ಮೂರು ವರ್ಷವಾದ ಮೇಲೆ.

ಪೇಪರ್ ಓದಿದ ನಿಮ್ಮ ಮೊಮ್ಮಗಳು ಬೋಜಮ್ಮ, "ಪಪ್ಪಾ, ಅವತ್ತು ತಾತ ಹಾರಿಸಿದ್ದನ್ನ ನೀವ್ಯಾಕೆ ತೆಗೆಸಿದ್ರಿ?" ಎಂದು ಕೇಳಿದಳು.

"ಆಗ ಮಾಮೂಲಿ ದಿನ ಮನೆ ಮೇಲೆ ಹಾರಿಸೋ ಹಾಗಿರಲಿಲ್ಲ."

"ಲೇಕಿನ್ ತಾತ ಫೌಜಿ ಥೇ ನಾ?"

ತಾತ ಸೈನಿಕರಾಗಿದ್ದರಲ್ಲ ಎಂದು ಹಿಂದಿಯಲ್ಲಿ ಅವಳ ವಾದ. ಆರು ವರ್ಷದ ಹಿಂದೆ, ನಿಮ್ಮ ರೆಜಿಮೆಂಟಿನ ದಿನವೆಂದು ನೀವು ಅದನ್ನು ಕಟ್ಟಿದ್ದಿರಿ. "ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ನನ್ನ ನೌಕರಿ ಹೋಗುತ್ತೆ" ಎಂದು ಕೂಗಾಡಿದೆ. ನೀವು "ಆಯ್ತು ಮಗ" ಎಂದಷ್ಟೇ ಹೇಳಿ, ಒಳಗೆ ಹೋಗಿ ಕೋಟು ತೊಟ್ಟು ಬಂದು, ಸೆಲ್ಯೂಟ್ ಹೊಡೆದು, ನಿಧಾನವಾಗಿ ಇಳಿಸಿ ಮಡಿಸಿದಿರಿ.

ಇವತ್ತು ಸೂರ್ಯ ಮುಳುಗುವ ಮೊದಲು ನಾನೂ ಇಳಿಸಿದೆ. ಮೂರು ಸಲ ಬಿಚ್ಚಿ ಮಡಿಸಿದರೂ ನಿಮ್ಮ ಮಡಿಕೆ ಬರಲಿಲ್ಲ. ಅಂದು ನೀವು ಮಡಿಸುವಾಗ ಪಕ್ಕದಲ್ಲೇ ನಿಂತಿದ್ದೆ, ಅಪ್ಪಾ. ಆದರೆ ನನ್ನ ಕಣ್ಣು ಎದುರು ಮನೆಗಳ ಕಿಟಕಿಗಳ ಮೇಲಿತ್ತು.