ಮಾರಾಟಕ್ಕಿದ್ದ ಮನೆಯ ಹಿಂದಿನ ಕೋಣೆ

೮ ಫೆಬ್ರವರಿ ೧೯೫೩, ಭಾನುವಾರ. ಮಡಿಕೇರಿ

ಎರಡನೇ ಸುತ್ತು ಸುಣ್ಣ ಮುಗಿಯಿತು. ಕೆಲಸದ ಮಾದ ನೀಲಿ ಜಾಸ್ತಿ ಹಾಕಿಬಿಟ್ಟಿದ್ದ. ಚೆಲ್ಲಿಸಿ, ಮತ್ತೆ ಕಲೆಸಿ, ಮುಂದೆ ನಿಂತು ಹೊಡೆಸಿದೆ. ಅಡುಗೆಮನೆಯ ಮಸಿ ತಿಕ್ಕಿ ತಿಕ್ಕಿ ಅಂಗೈ ಸುಲಿದಿದೆ. ಇರಲಿ. ಈ ಮನೆ ಮಾರಿಯೇ ತೀರುತ್ತೇನೆ. ಕುಶಾಲನಗರದ ಪೂವಯ್ಯನವರು ತಮ್ಮ ಕಟ್ಟಡದ ಜಾಗವನ್ನು ಮಾರ್ಚ್ ಕೊನೆಯವರೆಗೆ ನನಗೇ ಇಟ್ಟಿರುತ್ತಾರಂತೆ. ಅಲ್ಲಿ ಎರಡು ಮಂಚದ ಹೆರಿಗೆ ಮನೆ ತೆರೆಯಬೇಕು. ನನ್ನದೇ. ಹದಿನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಯ ಮಿಡ್‌ವೈಫ್ ಆಗಿ ದುಡಿದದ್ದು ಸಾಕು.

ಸಂಜೆ ನಾಣಯ್ಯ ಮಾವ ಬಂದರು. ಅಮ್ಮನ ತಮ್ಮ. ಅಮ್ಮ ಹೋದ ಮೇಲೆ ನನ್ನ ಮೇಲೆ ಪೂರ್ತಿ ಅಧಿಕಾರ ಅಂತ ತಿಳಿದುಕೊಂಡಿದ್ದಾರೆ. ಮನೆ ತೋರಿಸಲೂ ತಾವೇ ಬರುತ್ತಾರಂತೆ.

“ಮನೆ ತೋರ್ಸಿಕೆ ನಾ ಬನ್ನೆ. ನೀ ಒಳಗಿರ್. ಹೆಣ್ಣ್ ಮಾತಾಡಿರೆ ರೇಟ್ ಉಟ್ಟಾ?”

“ಮನೆ ನನ್ನ ಹೆಸರಲ್ಲಿ ಉಟ್ಟು, ಮಾವ. ನಾನೇ ಮಾತಾಡ್ನೆ.”

“ಸರಿ. ಆ ಹಿಂದಿನ ಕೋಣೆ ವಿಷಯ ಮಾತ್ರ ಬಾಯಿ ಬಿಡ್ಬೇಡ.”

ಆಸ್ಪತ್ರೆಯ ಏರು ಹತ್ತಲಾಗದೆ ನನ್ನ ಬಾಗಿಲಿಗೆ ಬಂದವರಿಗೆ ಆ ಕೋಣೆಯಲ್ಲೇ ಹೆರಿಗೆ ಮಾಡಿಸಿದ್ದೇನೆ. ಹನ್ನೊಂದು ಮಕ್ಕಳು ಅಲ್ಲಿ ಹುಟ್ಟಿವೆ. ಅದರಲ್ಲಿ ಬಾಯಿ ಬಿಡಬಾರದ್ದೇನಿದೆ? ಆದರೂ… ಮಂಚ ಬಿಚ್ಚಿ ಅಟ್ಟಕ್ಕೆ ಹಾಕಿಸಿದೆ.

೧೨ ಫೆಬ್ರವರಿ

ಖಾಲಿ ಹಜಾರ ನೋಡಿ ಯಾರು ಮನೆ ಕೊಳ್ಳುತ್ತಾರೆ? ಪಕ್ಕದ ಮನೆಯ ವನಜಮ್ಮನವರಿಂದ ಎರಡು ಬೆತ್ತದ ಕುರ್ಚಿ, ದುಂಡು ಮೇಜು, ನಿಲುವುಗನ್ನಡಿ ಕೇಳಿ ತಂದೆ. ಹಿಂದಿನ ಕೋಣೆಗೆ ನನ್ನ ಹಳೇ ಡೆಸ್ಕ್, ನಾಲ್ಕು ಪುಸ್ತಕ. ಈಗ ಅದು ಓದುವ ಕೋಣೆ! ಹೊಸ ಪರದೆ ನಾನೇ ಹೊಲಿದೆ. ಬಾಗಿಲಲ್ಲಿ ನಿಂತು ಹೊರಗಿನವಳಂತೆ ನೋಡಿದೆ. ನಾನೇ ಕೊಂಡುಬಿಡುತ್ತಿದ್ದೆ.

೧೫ ಫೆಬ್ರವರಿ, ಭಾನುವಾರ

ರಿಟೈರಾದ ಗುಮಾಸ್ತರೊಬ್ಬರು ಹೆಂಡತಿ ಜೊತೆ ಬಂದಿದ್ದರು. ಎಲ್ಲ ಮೆಚ್ಚಿದರು, ಕಾಫಿ ಎರಡು ಸಲ ಕುಡಿದರು. ಗೇಟಿನ ಹತ್ತಿರ ಆಕೆ ತಿರುಗಿ ನಿಂತು, “ಆ ಸೂತಕದ ಕೋಣೆ ಇದೇ ಮನೇದಂತಲ್ಲ?” ಅಂದರು. ಪೇಟೆಯಲ್ಲಿ ಯಾರೋ ಹೇಳಿದ್ದಾರೆ. ನಾನು ಹೂಂ ಅನ್ನುವಷ್ಟರಲ್ಲಿ ರಸ್ತೆಗಿಳಿದಿದ್ದರು.

ಸಿಟ್ಟು ಬಂತು. ಅವರ ಮೇಲಲ್ಲ, ಮಂಚ ಅಟ್ಟಕ್ಕೆ ಹಾಕಿಸಿದ ನನ್ನ ಮೇಲೆ.

೧ ಮಾರ್ಚ್, ಭಾನುವಾರ. ರಾತ್ರಿ ೮

ಶ್ರೀಮಂಗಲದ ಬೆಳ್ಯಪ್ಪ, ಹೆಂಡತಿ ತಂಗಮ್ಮ ಮನೆ ನೋಡಲು ಬಂದಿದ್ದರು. ಸಣ್ಣ ಕಾಫಿ ತೋಟ. ಇಬ್ಬರು ಹೆಣ್ಣುಮಕ್ಕಳು ಇಲ್ಲಿ ಹೈಸ್ಕೂಲಿಗೆ ಸೇರಬೇಕು, ಅದಕ್ಕೆ ಮನೆ. ಬೆಳ್ಯಪ್ಪನವರು ಮಿಲಿಟರಿಯಲ್ಲಿದ್ದವರು, ಮೀಸೆ ಜೋರು. ಬೆತ್ತದ ಕುರ್ಚಿಯಲ್ಲಿ ಕೂತವರು ಏಳಲೇ ಇಲ್ಲ.

“ಸಿಸ್ಟರ್, ಈ ಕುರ್ಚಿ, ಮೇಜು, ಕನ್ನಡಿ ಎಲ್ಲ ಸೇರಿಸಿ ರೇಟ್ ಹೇಳಿ.”

ಅಷ್ಟು ಹೊತ್ತಿಗೆ ವನಜಮ್ಮನವರು, ಏನಾದರೂ ಒಡೆದೀತು ಅಂತ ಕಾವಲಿಗೆ ಬಂದು ಕೂತಿದ್ದವರು, ಕೆಮ್ಮಿದರು.

ಹೇಳಿಬಿಟ್ಟೆ. “ಅವೆಲ್ಲ ಇವರದು. ಮನೆ ಚೆಂದ ಕಾಣಲಿ ಅಂತ ತಂದದ್ದು.”

ಬೆಳ್ಯಪ್ಪನವರ ಮೀಸೆ ನಿಂತಲ್ಲೇ ನಿಂತಿತು. “ಮತ್ತೆ ಇನ್ನೇನುಂಟು, ನಾವು ಕಂಡದ್ದು ಒಂದು, ಇರುವುದು ಇನ್ನೊಂದು?”

ಇಬ್ಬರನ್ನೂ ಹಿಂದಿನ ಕೋಣೆಗೆ ಕರೆದೊಯ್ದೆ. ಇದು ಓದುವ ಕೋಣೆಯಲ್ಲ ಅಂದೆ. ಹನ್ನೊಂದು ಮಕ್ಕಳ ಲೆಕ್ಕ ಹೇಳಿದೆ.

“ಎಲ್ಲ ಉಳಿದವಾ?” ತಂಗಮ್ಮನವರು.

“ಮಕ್ಕಳು ಎಲ್ಲ ಉಳಿದವು. ಒಬ್ಬ ತಾಯಿ ಉಳಿಯಲಿಲ್ಲ.”

ದೊಡ್ಡಿ ಅಂತ ಹೆಸರು. ಎಸ್ಟೇಟ್ ಕೂಲಿ ಲೈನಿನವಳು. ಎತ್ತಿನ ಗಾಡಿಯಲ್ಲಿ ತಂದರು, ತರುವಾಗಲೇ ತಡವಾಗಿತ್ತು. ಆರು ವರ್ಷವಾಯಿತು. ಮಾವನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಇವತ್ತು ಗುರುತಿಲ್ಲದವರ ಮುಂದೆ ಸರಾಗವಾಗಿ ಬಂತು.

ಬೆಳ್ಯಪ್ಪ ಟೋಪಿ ಹಾಕಿಕೊಂಡು ಹೊರಟರು.

ಮಾವನಿಗೆ ತಿಳಿದು ಓಡಿ ಬಂದರು. “ನಿಂಗೆ ಬುದ್ಧಿ ಇಲ್ಲೆ! ಕೇಳದ್ದನ್ನ ಯಾರ್ ಹೇಳ್ಸಿದ್?”

ಕೇಳಿದರಲ್ಲ, ಮಾವ. ಕೇಳಿದರು.

೮ ಮಾರ್ಚ್

ಯಾರೂ ಇಲ್ಲ. ಕಿಟಕಿ ಒರೆಸಿದೆ. ಕುರ್ಚಿ, ಮೇಜು, ಕನ್ನಡಿ ವಾಪಸ್ ಕೊಟ್ಟೆ. ಮಂಚ ಇಳಿಸಿ ಅದರ ಜಾಗದಲ್ಲೇ ಹಾಕಿಸಿದೆ. ಬರುವವರು ಇರುವುದನ್ನೇ ನೋಡಲಿ.

೧೧ ಮಾರ್ಚ್

ಪೂವಯ್ಯನವರ ಕಾಗದ. ಜಾಗ ಬೇರೊಬ್ಬರು ಕೇಳುತ್ತಿದ್ದಾರಂತೆ. ಮಾರ್ಚ್ ಕೊನೆ ಅಂದರೆ ಮಾರ್ಚ್ ಕೊನೆ, ಕೊಟ್ಟ ಮಾತು — ಅಂತ ಉತ್ತರ ಬರೆದೆ. ಕೈಯಲ್ಲಿ ಏನೂ ಇಲ್ಲ, ಬರೆದದ್ದು ನೋಡಿದರೆ ಇವತ್ತೇ ಹೋಗಿ ಬಾಗಿಲು ತೆಗೆಯುವವಳ ಹಾಗಿದೆ.

೧೪ ಮಾರ್ಚ್, ಶನಿವಾರ

ಡ್ಯೂಟಿ ಮುಗಿಸಿ ಬಂದರೆ ಮೆಟ್ಟಿಲ ಮೇಲೆ ತಂಗಮ್ಮನವರು! ದೊಡ್ಡ ಮಗಳ ಜೊತೆ ಬಸ್ಸಿನಲ್ಲಿ ಬಂದಿದ್ದಾರೆ.

“ಒಂದು ಮಾತು ಕೇಳಬೇಕಿತ್ತು. ಬೇಸಗೆಯಲ್ಲಿ ನಿಮ್ಮ ಬಾವಿ ಬತ್ತುತ್ತದಾ?”

“ಬತ್ತುವುದಿಲ್ಲ. ಏಪ್ರಿಲ್‌ನಲ್ಲಿ ಹತ್ತು ಹದಿನೈದು ದಿನ ಕೆಸರು ಬರುತ್ತದೆ. ಸೋಸಿ ಕುಡಿಯಬೇಕು.”

“ಹಾಂ. ಹೀಗೆ ಹೇಳ್ತೀರಿ ಅಂತಲೇ ಬಂದೆ. ಬೇರೆ ಎರಡು ಮನೆ ನೋಡಿದೆವು. ಎಲ್ಲಾ ಕಡೆ ಬಾವಿ ತುಂಬಿ ಹರಿಯುತ್ತದಂತೆ.”

“ಸಾಹುಕಾರರಿಗೆ ಕೋಣೆ ವಿಷಯ ಬೇಜಾರಾಯ್ತಲ್ಲ?”

ಬಾಯಿ ಮೇಲೆ ಸೆರಗಿಟ್ಟು ನಕ್ಕರು. “ಅವರಿಗೆಲ್ಲಿ ಭಯ? ಬರ್ಮಾದಲ್ಲಿ ಹೆಣದ ಪಕ್ಕ ಮಲಗಿ ಬಂದವರು. ಕುರ್ಚಿ ಸಿಗಲಿಲ್ಲ ಅಂತ ಆ ಮೋರೆ. ಎರಡು ವಾರ ಸಿಟ್ಟು ಇಳಿಯಲಿಲ್ಲ.”

ಹುಡುಗಿ ಅಷ್ಟರಲ್ಲಿ ಹಿಂದಿನ ಕೋಣೆ ಸೇರಿ ಕಿಟಕಿ ತೆಗೆದಿದ್ದಳು. ತಂಗಮ್ಮನವರು ಮಂಚದ ತುದಿಯಲ್ಲಿ ಕೂತರು. ಆಮೇಲೆ, “ಆ ದೊಡ್ಡಿಯ ಮಗು ಈಗ ಎಲ್ಲಿದೆ?” ಅಂದರು.

“ನೆಲ್ಯಹುದಿಕೇರಿಯಲ್ಲಿ, ಅಜ್ಜಿ ಹತ್ತಿರ. ಹೆಣ್ಣು. ಈ ವರ್ಷ ಸ್ಕೂಲಿಗೆ ಹೋಗ್ತಾಳೆ.”

ತಲೆಯಾಡಿಸಿದರು. ಹೋಗುವಾಗ ನನ್ನ ಕೈ ಹಿಡಿದುಕೊಂಡು, “ನಮಗೇ ಕೊಡಿ,” ಅಂದರು.

೨೭ ಮಾರ್ಚ್, ಶುಕ್ರವಾರ

ರಿಜಿಸ್ಟರ್ ಆಯಿತು. ಮಧ್ಯಾಹ್ನದ ಬಸ್ಸಿಗೇ ಕುಶಾಲನಗರಕ್ಕೆ ಹೋಗಿ ಪೂವಯ್ಯನವರಿಗೆ ಅಡ್ವಾನ್ಸ್ ಕೊಟ್ಟೆ. ರಜೆ ಅಲ್ಲ, ರಾಜೀನಾಮೆ ಬರೆದು ಆಸ್ಪತ್ರೆಗೂ ಕೊಟ್ಟಾಯಿತು.

೩೦ ಮಾರ್ಚ್, ಸೋಮವಾರ. ಬೆಳಿಗ್ಗೆ ೭

ಟ್ರಂಕಿನ ಮೇಲೆ ಕೂತು ಬರೆಯುತ್ತಿದ್ದೇನೆ. ಲಾರಿ ಬಂದಿದೆ, ಸಾಮಾನು ಏರಿಸುತ್ತಿದ್ದಾರೆ. ಅಮ್ಮ ಸತ್ತ ಮನೆ, ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಹಸಿವಾಗುತ್ತಿದೆ.

ಕುಶಾಲನಗರದ ಪೇಂಟರ್ ಬೋರ್ಡಿಗೆ ಏನು ಬರೀಬೇಕು ಅಂತ ಕೇಳಿ ಕಳಿಸಿದ್ದಾನೆ. ಇವತ್ತೇ ಹೇಳಬೇಕು. ಮೇಲೆ ದೊಡ್ಡ ಅಕ್ಷರದಲ್ಲಿ ದಮಯಂತಿ, ಮಿಡ್‌ವೈಫ್. ಅದರ ಕೆಳಗೆ, ಎತ್ತಿನ ಗಾಡಿಯಲ್ಲಿ ಬರುವವರಿಗೂ ದೂರದಿಂದ ಕಾಣುವ ಹಾಗೆ, ಹಗಲು ರಾತ್ರಿ ಯಾವಾಗ ಬಂದರೂ ಬಾಗಿಲು ತೆಗೆಯಲಾಗುತ್ತದೆ.